ಶ್ರಾವಕನ ಮನೆಯಲ್ಲಿ ವೈನ್ ಕೋಣೆ

ಮುಂಬಯಿಯ ಮನೆಗಳಿಗೆ ನೆಲಮಾಳಿಗೆ ಇಲ್ಲ. ಏಳು ದ್ವೀಪಗಳ ನಡುವಿನ ಕಡಲನ್ನು ತುಂಬಿ ಪಡೆದ ನೆಲದ ಮೇಲೆ ಮಹಡಿಗೆ ಮಹಡಿ ಸೇರಿಸಿ ಬೆಳೆದ ಈ ನಗರದಲ್ಲಿ ಬದುಕನ್ನು ಚದರಡಿಯಲ್ಲಿ ಅಳೆಯುವುದು ರೂಢಿ. ಕಾರ್ಕಳದಿಂದಲೋ ಬೆಳಗಾವಿಯಿಂದಲೋ ಬಂದು ನೆಲೆಸಿದ ಜೈನ ಕುಟುಂಬದ ಮೊದಲ ತಲೆಮಾರು ಚಾಳಿನ ಒಂದೇ ಕೋಣೆಯಲ್ಲಿ ಸಂಸಾರ ಹೂಡಿ, ಗೋಡೆಯ ಒಂದು ಗೂಡನ್ನು ಜಿನಬಿಂಬಕ್ಕೆ ಬಿಟ್ಟುಕೊಟ್ಟಿತ್ತು. ಎರಡನೆಯ ತಲೆಮಾರು ಮುಲುಂಡ್, ಘಾಟ್‌ಕೋಪರ್, ಬೋರಿವಲಿಗಳಲ್ಲಿ ಫ್ಲ್ಯಾಟ್ ಕೊಂಡಿತು. ಮೂರನೆಯ ತಲೆಮಾರಿನ ಕೆಲವರಿಗೆ ಎರಡು ಫ್ಲ್ಯಾಟುಗಳ ನಡುವಿನ ಗೋಡೆಯೊಡೆದು ಒಂದೇ ಮನೆ ಮಾಡಿಕೊಳ್ಳುವಷ್ಟು ಅನುಕೂಲವಾಗಿದೆ. ಆ ಅನುಕೂಲದ ನಕ್ಷೆಯಲ್ಲಿ ಈಗ ಹೊಸದೊಂದು ಚೌಕ ಕಾಣಿಸಿಕೊಳ್ಳುತ್ತಿದೆ. ಅದರ ಹೆಸರು ವೈನ್ ಕೋಣೆ.

ಅದನ್ನು ಕಟ್ಟುವ ಶ್ರಮ ಸಾಮಾನ್ಯವಾದುದಲ್ಲ. ವೈನನ್ನು ವರ್ಷಗಟ್ಟಲೆ ಕೆಡದಂತೆ ಇಡಬೇಕಾದರೆ ಉಷ್ಣತೆ ಸುಮಾರು 13 ಡಿಗ್ರಿ ಸೆಲ್ಸಿಯಸ್‌ನಲ್ಲಿ ಏರಿಳಿತವಿಲ್ಲದೆ ನಿಲ್ಲಬೇಕು. ಗಾಳಿಯ ತೇವ 60ರಿಂದ 70 ಪ್ರತಿಶತದ ಆಸುಪಾಸಿನಲ್ಲಿರಬೇಕು. ತೇವ ಕಡಿಮೆಯಾದರೆ ಬಾಟಲಿಯ ಬಿರಡೆ ಒಣಗಿ ಗಾಳಿ ಒಳನುಗ್ಗುತ್ತದೆ. ಹೆಚ್ಚಾದರೆ ಹೊರಗಿನ ಚೀಟಿಗೆ ಬೂಷ್ಟು ಹಿಡಿಯುತ್ತದೆ. ಬಿರಡೆ ನೆನೆದೇ ಇರಲೆಂದು ಬಾಟಲಿಗಳನ್ನು ಮಲಗಿಸಿಡಬೇಕು. ಬಿಸಿಲು ಬೀಳಬಾರದು, ಅದುರು ತಾಗಬಾರದು. ಫ್ರಾನ್ಸಿನ ಹಳೆಯ ಮನೆಗಳಲ್ಲಿ ಇಷ್ಟನ್ನೂ ನೆಲದಡಿಯ ಕಲ್ಲಿನ ಮಾಳಿಗೆ ತಾನಾಗಿಯೇ ಒದಗಿಸುತ್ತದೆ. ಮೇ ತಿಂಗಳ ಸೆಕೆಗೂ ಜುಲೈ ತಿಂಗಳ ತೇವಕ್ಕೂ ಹೆಸರಾದ ಮುಂಬಯಿಯಲ್ಲಿ ಗೋಡೆಗೆ ಉಷ್ಣನಿರೋಧಕ ಹಲಗೆ ಹೊಡೆದು, ಹಗಲಿರುಳು ಯಂತ್ರ ಓಡಿಸಿ, ವಿದ್ಯುತ್ತು ಹೋದ ಗಳಿಗೆಗೆಂದು ಬದಲಿ ವ್ಯವಸ್ಥೆಯಿಟ್ಟು, ಹದಿನಾಲ್ಕನೆಯ ಮಹಡಿಯ ಮೇಲೆ ಆ ನೆಲಮಾಳಿಗೆಯನ್ನು ಸೃಷ್ಟಿಸಬೇಕಾಗುತ್ತದೆ. ಕೊನೆಗೆ ಒಂದು ಗಾಜಿನ ಬಾಗಿಲು, ಒಳಗೊಂದು ಮಂದ ದೀಪ. ಮಾರುಕಟ್ಟೆಯ ವೈನಿನಲ್ಲಿ ಬಹುಪಾಲು ಕೆಲವೇ ವರ್ಷಗಳೊಳಗೆ ಕುಡಿದು ಮುಗಿಸಲೆಂದು ಮಾಡಿದ್ದು. ದಶಕಗಟ್ಟಲೆ ಇಟ್ಟು ಹದಗೊಳಿಸುವಂಥದು ತೀರ ಕಡಿಮೆ. ಆದುದರಿಂದ ವೈನ್ ಬಲ್ಲವರ ಲೆಕ್ಕದಲ್ಲಿಯೂ ಈ ಕೋಣೆ ಹೆಚ್ಚಿನವರಿಗೆ ಅನಾವಶ್ಯಕ. ಗಾಜಿನ ಬಾಗಿಲೇ ಅದರ ನಿಜವಾದ ಉದ್ದೇಶವನ್ನು ಹೇಳುತ್ತದೆ: ಬಂದವರು ನೋಡಬೇಕು.

ಇದೇ ಮನೆಯ ಅಡುಗೆಮನೆಯಲ್ಲಿ ಬೇರೊಂದು ಶಾಸನ ನಡೆಯುತ್ತಿರುತ್ತದೆ. ಅಲ್ಲಿ ಅತ್ತೆಯವರು ಹಿಟ್ಟಿನ ಮರ್ಯಾದೆಯನ್ನು ಲೆಕ್ಕವಿಡುತ್ತಾರೆ: ಚಳಿಗಾಲದಲ್ಲಿ 7 ದಿನ, ಬೇಸಿಗೆಯಲ್ಲಿ 5, ಮಳೆಗಾಲದಲ್ಲಿ 3. ಆ ಗಡುವು ದಾಟಿದ ಹಿಟ್ಟಿನಲ್ಲಿ ಜೀವೋತ್ಪತ್ತಿಯಾಗುತ್ತದೆಂಬ ಕಾರಣಕ್ಕೆ ಅದು ಒಲೆಗೇರುವುದಿಲ್ಲ. ಸೋಸದ ನೀರು ಪಾತ್ರೆಗೆ ಬೀಳುವುದಿಲ್ಲ. ಗಡ್ಡೆಗೆಣಸು ಹೊಸ್ತಿಲು ದಾಟುವುದಿಲ್ಲ. ನಿನ್ನೆಯ ಉಪ್ಪಿನಕಾಯಿ ಇಂದಿನ ತಟ್ಟೆಗೆ ಬರುವುದಿಲ್ಲ. ಹತ್ತು ಹೆಜ್ಜೆಯಾಚೆ ಗಾಜಿನ ಬಾಗಿಲಿನ ಹಿಂದೆ, ಹತ್ತು ವರ್ಷಗಳ ಹಿಂದೆ ಹುಳಿಸಿದ ರಸ ಮಲಗಿರುತ್ತದೆ. ಅದು ಹಳತಾದಷ್ಟೂ ಬೆಲೆ ಹೆಚ್ಚೆಂದು ಮನೆಯ ಯಜಮಾನ ಅತಿಥಿಗಳಿಗೆ ವಿವರಿಸುತ್ತಿರುತ್ತಾನೆ. ಒಂದೇ ಸೂರಿನಡಿ ಎರಡು ಗಡಿಯಾರಗಳು ನಡೆಯುತ್ತಿವೆ. ಒಂದನ್ನು ಹೆಂಗಸರು ಧರ್ಮವೆಂದು ನಡೆಸುತ್ತಾರೆ. ಇನ್ನೊಂದನ್ನು ಗಂಡಸರು ಅಭಿರುಚಿಯೆಂದು ನಡೆಸುತ್ತಾರೆ. ಮಕ್ಕಳು ಎರಡನ್ನೂ ನೋಡುತ್ತಾರೆ.

ಕದ್ದು ಕುಡಿಯುವವರು ಸಮಾಜದಲ್ಲಿ ಹಿಂದೆಯೂ ಇದ್ದರು. ಊರಿನಿಂದ ದೂರವಿರುವ ನಗರ, ಪರಿಚಯದವರಿಲ್ಲದ ಹೋಟೆಲು, ಮರುದಿನದ ಪಶ್ಚಾತ್ತಾಪ, ಇವೆಲ್ಲ ಹಳೆಯ ಕತೆ. ಅಲ್ಲಿ ವ್ರತ ಮುರಿದಿತ್ತು, ಆದರೆ ವ್ರತವೆಂಬುದು ಒಂದಿದೆ ಎಂಬ ಅರಿವು ಮುರಿದಿರಲಿಲ್ಲ. ನಾಚಿಕೆಯೇ ಅದರ ಸಾಕ್ಷಿಯಾಗಿತ್ತು. ವೈನ್ ಕೋಣೆ ಕಟ್ಟಿದ ದಿನ ಆ ನಾಚಿಕೆಯನ್ನು ಮನೆಯಿಂದ ಹೊರಹಾಕಿದಂತಾಗುತ್ತದೆ. ತಪ್ಪು ಅಲ್ಲಿಂದ ಮುಂದೆ ತಪ್ಪಾಗಿ ಉಳಿಯುವುದಿಲ್ಲ, ಅಂತಸ್ತಾಗುತ್ತದೆ. ಸುಧಾರಣೆಯ ಮಾತನಾಡುವವರು ಗಮನಿಸಬೇಕಾದುದು ಈ ಬದಲಾವಣೆಯನ್ನು.

ಶ್ರಾವಕನ ಎಂಟು ಮೂಲಗುಣಗಳ ಪಟ್ಟಿ ಎಲ್ಲ ಆಚಾರ್ಯರಲ್ಲೂ ಒಂದೇ ಅಲ್ಲ. ಸಮಂತಭದ್ರರು ರತ್ನಕರಂಡಕ ಶ್ರಾವಕಾಚಾರದಲ್ಲಿ ಮದ್ಯ, ಮಾಂಸ, ಮಧು ಈ ಮೂರರ ತ್ಯಾಗದ ಜೊತೆಗೆ ಐದು ಅಣುವ್ರತಗಳನ್ನು ಹೇಳುತ್ತಾರೆ. ಅಮೃತಚಂದ್ರರು ಪುರುಷಾರ್ಥಸಿದ್ಧ್ಯುಪಾಯದಲ್ಲಿ ಅದೇ ಮೂರರ ಜೊತೆಗೆ ಐದು ಉದುಂಬರ ಫಲಗಳ ತ್ಯಾಗವನ್ನು ಹೇಳುತ್ತಾರೆ. ಉಳಿದ ಐದರಲ್ಲಿ ಭೇದವಿದೆ, ಮದ್ಯದ ವಿಷಯದಲ್ಲಿ ಭೇದವಿಲ್ಲ. ಸಪ್ತವ್ಯಸನಗಳ ಪಟ್ಟಿಯಲ್ಲಿಯೂ ಅದು ತಪ್ಪುವುದಿಲ್ಲ. ಮೂಲಗುಣವೆಂದರೆ ಸಾಧನೆಯ ಶಿಖರವಲ್ಲ, ಅಡಿಪಾಯ. ಗಡ್ಡೆಗೆಣಸಿನ ತ್ಯಾಗ, ರಾತ್ರಿಭೋಜನ ತ್ಯಾಗ, ಅಷ್ಟಮಿ ಚತುರ್ದಶಿಯ ಉಪವಾಸ ಇವೆಲ್ಲ ಅದರ ಮೇಲೇಳುವ ಗೋಡೆಗಳು. ಗೋಡೆಗೆ ಬಣ್ಣ ಬಳಿಯುತ್ತ ಅಡಿಪಾಯವನ್ನು ಅಗೆಯುವುದು ವಿವೇಕವಲ್ಲ.

ಅಮೃತಚಂದ್ರರು ಕೊಡುವ ಕಾರಣಗಳು ಎರಡು. ಮದ್ಯ ಮನಸ್ಸನ್ನು ಮಂಕುಗೊಳಿಸುತ್ತದೆ. ಮಂಕಾದವನು ಧರ್ಮವನ್ನು ಮರೆತು ಅಂಜಿಕೆಯಿಲ್ಲದೆ ಹಿಂಸೆಗಿಳಿಯುತ್ತಾನೆ ಎಂಬುದು ಒಂದು. ಮದ್ಯವು ರಸದಲ್ಲಿ ಹುಟ್ಟುವ ಅಸಂಖ್ಯ ಜೀವಗಳ ನೆಲೆ ಎಂಬುದು ಇನ್ನೊಂದು. ಸಾವಿರ ವರ್ಷಗಳ ಹಿಂದಿನ ಈ ಎರಡನೆಯ ಮಾತನ್ನು ಇಂದಿನ ಯಾವ ದ್ರಾಕ್ಷಾರಸದ ಕಾರ್ಖಾನೆಯೂ ಅಲ್ಲಗಳೆಯಲಾರದು. ದ್ರಾಕ್ಷಿಯ ಸಕ್ಕರೆಯನ್ನು ಆಲ್ಕೊಹಾಲ್ ಮಾಡುವುದು ಯೀಸ್ಟ್ ಎಂಬ ಕೋಟ್ಯಂತರ ಸೂಕ್ಷ್ಮಜೀವಿಗಳ ಸಮೂಹ. ತಾವೇ ಹುಟ್ಟಿಸಿದ ಆಲ್ಕೊಹಾಲ್ ಏರಿದಂತೆ ಅವು ಸತ್ತು ತಳಕ್ಕಿಳಿಯುತ್ತವೆ. ಆ ಗಸಿಯನ್ನು ತೆಗೆದು ರಸವನ್ನು ತಿಳಿಗೊಳಿಸಲು ಮೊಟ್ಟೆಯ ಬಿಳಿಯನ್ನೋ, ಎಲುಬಿನ ಜೆಲಟಿನನ್ನೋ, ಮೀನಿನ ಗಾಳಿಚೀಲದಿಂದ ತೆಗೆದ ಅಂಟನ್ನೋ ಬಳಸುವುದು ಹಳೆಯ ಪದ್ಧತಿ. ಎಲ್ಲ ಬಾಟಲಿಗಳಲ್ಲೂ ಹೀಗೆಂದು ಹೇಳಲಾಗದು, ಜೇಡಿಮಣ್ಣಿನಿಂದ ತಿಳಿಗೊಳಿಸುವವರೂ ಇದ್ದಾರೆ. ಆದರೆ ಬಿಸ್ಕತ್ತಿನ ಪೊಟ್ಟಣವನ್ನು ತಿರುಗಿಸಿ ಹಸಿರು ಚುಕ್ಕೆ ಹುಡುಕುವ ಕಣ್ಣು ಬಾಟಲಿಯ ಮುಂದೆ ಮಾತ್ರ ಯಾಕೆ ಮುಚ್ಚಿಕೊಳ್ಳುತ್ತದೆ?

ಇಡ್ಲಿಯ ಹಿಟ್ಟೂ ಹುಳಿಯುತ್ತದಲ್ಲ ಎಂಬ ಜಾಣ ಪ್ರಶ್ನೆ ಇಲ್ಲಿ ಏಳುವುದುಂಟು. ಹುಳಿಯುತ್ತದೆ, ಆದುದರಿಂದಲೇ ಕಟ್ಟುನಿಟ್ಟಿನ ಮನೆಗಳಲ್ಲಿ ಅದಕ್ಕೂ ಗಡುವಿದೆ, ಕೆಲವು ಮನೆಗಳಲ್ಲಿ ಅದು ವರ್ಜ್ಯವೂ ಹೌದು. ಆದರೆ ಇಡ್ಲಿ ತಿಂದು ಹೆಂಡತಿಯನ್ನು ಹೊಡೆದವನನ್ನು, ಇಡ್ಲಿ ತಿಂದು ಕಾರನ್ನು ಫುಟ್‌ಪಾತಿನ ಮೇಲೆ ಹತ್ತಿಸಿದವನನ್ನು ಯಾರೂ ಕಂಡಿಲ್ಲ. ಆಚಾರ್ಯರು ಎರಡು ಕಾರಣಗಳನ್ನು ಜೊತೆಯಾಗಿ ಹೇಳಿದ್ದು ಇದಕ್ಕಾಗಿಯೇ.

ವೈನ್ ಕೋಣೆಯ ಪರವಾಗಿ ಸಾಮಾನ್ಯವಾಗಿ ಮೂರು ವಾದಗಳು ಕೇಳಿಬರುತ್ತವೆ. ಮೂರನ್ನೂ ಪರೀಕ್ಷಿಸುವುದು ನ್ಯಾಯ.

ಮೊದಲನೆಯದು, ವೈನ್ ಮದ್ಯವಲ್ಲ ಎಂಬುದು. ಈ ಮಾತಿಗೆ ರಾಜಕೀಯದ ಮುದ್ರೆಯೂ ಬಿದ್ದಿದೆ. 2022ರ ಜನವರಿಯಲ್ಲಿ ಮಹಾರಾಷ್ಟ್ರದ ಸಚಿವ ಸಂಪುಟ ಸಾವಿರ ಚದರಡಿಗಿಂತ ದೊಡ್ಡದಾದ ಸೂಪರ್ ಮಾರ್ಕೆಟ್‌ಗಳಲ್ಲಿ ವೈನ್ ಮಾರಲು ಒಪ್ಪಿಗೆ ಕೊಟ್ಟಾಗ, ಸಂಜಯ್ ರಾವುತ್ ಅವರು ವೈನ್ ಮದ್ಯವಲ್ಲವೆಂದು ಸಮರ್ಥಿಸಿದರು. ದೇವೇಂದ್ರ ಫಡಣವೀಸ್ ಅವರು ಮಹಾರಾಷ್ಟ್ರವನ್ನು ಮದ್ಯರಾಷ್ಟ್ರ ಮಾಡಲಾಗುತ್ತಿದೆ ಎಂದು ಟೀಕಿಸಿದರು. ಅಣ್ಣಾ ಹಜಾರೆ ಉಪವಾಸದ ಎಚ್ಚರಿಕೆ ಕೊಟ್ಟರು. ತೀರ್ಮಾನ ಜಾರಿಗೆ ಬಾರದೆ ಉಳಿಯಿತು, ಆದರೆ ಆ ವಾಕ್ಯ ಮಾತ್ರ ದಿವಾನಖಾನೆಗಳಲ್ಲಿ ಜಾರಿಗೆ ಬಂದಿತು. ಅದನ್ನು ಗಣಿತದಿಂದ ಪರೀಕ್ಷಿಸಬಹುದು. 13 ಪ್ರತಿಶತ ಆಲ್ಕೊಹಾಲ್ ಇರುವ 750 ಮಿಲಿಲೀಟರ್ ಬಾಟಲಿಯಲ್ಲಿ ಶುದ್ಧ ಆಲ್ಕೊಹಾಲ್ 97 ಮಿಲಿಲೀಟರ್‌ಗೂ ಹೆಚ್ಚು. 42.8 ಪ್ರತಿಶತದ ವಿಸ್ಕಿಯ 60 ಮಿಲಿಲೀಟರಿನ ದೊಡ್ಡ ಪೆಗ್‌ನಲ್ಲಿ ಇರುವುದು 26 ಮಿಲಿಲೀಟರ್‌ಗಿಂತ ಕಡಿಮೆ. ಎಂದರೆ ಒಂದು ಬಾಟಲಿ ವೈನ್ ಸುಮಾರು ನಾಲ್ಕು ದೊಡ್ಡ ಪೆಗ್‌ಗೆ ಸಮ. ಲೋಟದ ಕಾಲು ಉದ್ದವಾದ ಮಾತ್ರಕ್ಕೆ ಒಳಗಿನ ವಸ್ತು ಬದಲಾಗುವುದಿಲ್ಲ. ಹೃದಯಕ್ಕೆ ಒಳ್ಳೆಯದೆಂಬ ಮಾತೂ ಹಳತಾಯಿತು: ಆಲ್ಕೊಹಾಲ್ ಸೇವನೆಯಲ್ಲಿ ಆರೋಗ್ಯಕ್ಕೆ ಸುರಕ್ಷಿತವೆನ್ನಬಹುದಾದ ಪ್ರಮಾಣವೇ ಇಲ್ಲವೆಂದು ವಿಶ್ವ ಆರೋಗ್ಯ ಸಂಸ್ಥೆ 2023ರ ಜನವರಿಯಲ್ಲಿ ಸ್ಪಷ್ಟಪಡಿಸಿದೆ. ಅದು ಕ್ಯಾನ್ಸರ್‌ಕಾರಕಗಳ ಮೊದಲ ದರ್ಜೆಯ ಪಟ್ಟಿಗೆ ಸೇರಿ ಮೂರು ದಶಕಗಳೇ ದಾಟಿವೆ.

ಎರಡನೆಯ ವಾದ ಇನ್ನೂ ನಯವಾದುದು. 'ಮನೆಯ ಯಜಮಾನ ಕುಡಿಯುವುದಿಲ್ಲ, ಸಂಗ್ರಹಿಸುತ್ತಾನೆ. ವ್ಯಾಪಾರದ ಅತಿಥಿಗಳು ಬಂದಾಗ ಬಡಿಸುತ್ತಾನೆ, ಅಷ್ಟೆ.' ಈ ವಾದವನ್ನು ಮುಂದಿಡುವ ಕನ್ನಡ ಜೈನರು ತಮ್ಮ ಮನೆಯ ಕಾವ್ಯವನ್ನೇ ಮರೆತಿದ್ದಾರೆ. 1209ರಲ್ಲಿ ಜನ್ನ ಬರೆದ ಯಶೋಧರ ಚರಿತೆಯ ಅರಸು ಜೀವಂತ ಕೋಳಿಯನ್ನು ಕೊಂದವನಲ್ಲ. ತಾಯಿಯ ಒತ್ತಾಯಕ್ಕೆ ಮಣಿದು ಹಿಟ್ಟಿನ ಕೋಳಿಯನ್ನು ಬಲಿ ಕೊಟ್ಟವನು. ಕೊಂದದ್ದು ಹಿಟ್ಟನ್ನೇ ಆದರೂ ಸಂಕಲ್ಪ ಹಿಂಸೆಯದಾಗಿದ್ದುದರಿಂದ ತಾಯಿ ಮಗ ಇಬ್ಬರೂ ಜನ್ಮ ಜನ್ಮಗಳಲ್ಲಿ ಪ್ರಾಣಿಗಳಾಗಿ ತೊಳಲಬೇಕಾಯಿತು. ಹಿಟ್ಟಿನ ಕೋಳಿಗೆ ಅಷ್ಟು ದಂಡ ತೆತ್ತ ಕತೆಯನ್ನು ಎಂಟು ನೂರು ವರ್ಷ ಓದಿಕೊಂಡು ಬಂದ ಸಮಾಜದಲ್ಲಿ, ನೂರು ಬಾಟಲಿ ನಿಜವಾದ ಮದ್ಯವನ್ನು ಜೋಪಾನವಾಗಿ ಸಾಕಿಕೊಂಡು 'ಕುಡಿಯುವುದಿಲ್ಲವಲ್ಲ' ಎನ್ನುವುದು ಹೇಗೆ ಸಲ್ಲುತ್ತದೆ? ಮಾಡುವುದು, ಮಾಡಿಸುವುದು, ಮಾಡಿದ್ದನ್ನು ಮೆಚ್ಚುವುದು, ಕೃತ ಕಾರಿತ ಅನುಮೋದಿತ ಈ ಮೂರರಲ್ಲೂ ಕರ್ಮಬಂಧವಿದೆಯೆಂದು ಪಾಠಶಾಲೆಯ ಮಗುವೂ ಒಪ್ಪಿಸುತ್ತದೆ. ಬಡಿಸುವ ಕೈ ಕಾರಿತದಿಂದ ಹೊರಗಿಲ್ಲ. ಇನ್ನು ಸಂಗ್ರಹದ ಸಂಗತಿ: ಪರಿಗ್ರಹಕ್ಕೆ ಮಿತಿ ಹಾಕಿಕೊಳ್ಳುವುದು ಅಣುವ್ರತ, ಭೋಗೋಪಭೋಗಕ್ಕೆ ಮಿತಿ ಹಾಕಿಕೊಳ್ಳುವುದು ಅದರ ಬೆನ್ನಿಗಿರುವ ವ್ರತ. ಕುಡಿಯದ ವಸ್ತುವಿಗಾಗಿ ಒಂದು ಕೋಣೆಯನ್ನೂ ಹಗಲಿರುಳಿನ ವಿದ್ಯುತ್ತನ್ನೂ ಮುಡಿಪಿಡುವವನು ಒಂದು ವ್ರತವನ್ನು ಉಳಿಸಿಕೊಂಡೆನೆಂದು ಹೇಳುತ್ತ ಇನ್ನೆರಡನ್ನು ಕಳೆದುಕೊಂಡಿರುತ್ತಾನೆ.

ಮೂರನೆಯ ವಾದ ರೈತನ ಹೆಸರಿನಲ್ಲಿ ಬರುತ್ತದೆ. ಕೃಷ್ಣಾ ತೀರದ ಜೈನರಲ್ಲಿ ಒಕ್ಕಲುತನದವರು ಬಹಳ; ಸಾಂಗ್ಲಿ, ತಾಸಗಾವ್, ಅಥಣಿ, ವಿಜಯಪುರಗಳ ದ್ರಾಕ್ಷಿತೋಟಗಳಲ್ಲಿ ಸಮಾಜದ ಬೆವರಿದೆ. ಮಹಾರಾಷ್ಟ್ರ 2001ರಲ್ಲಿ, ಕರ್ನಾಟಕ 2007ರಲ್ಲಿ ದ್ರಾಕ್ಷಿ ಸಂಸ್ಕರಣೆ ಮತ್ತು ವೈನ್ ನೀತಿಗಳನ್ನು ತಂದಾಗಲೂ ರೈತನ ಲಾಭವನ್ನೇ ಮುಂದಿಟ್ಟವು. ವಾದ ಭಾವುಕವಾಗಿದೆ, ಲೆಕ್ಕ ಬೇರೆ ಇದೆ. ತಾಸಗಾವಿನ ಹೆಸರನ್ನೇ ಹೊತ್ತ ತಾಸ್-ಎ-ಗಣೇಶ, ಥಾಮ್ಸನ್, ಸೋನಾಕಾ ಇವೆಲ್ಲ ತಿನ್ನುವ ದ್ರಾಕ್ಷಿಯ, ಒಣದ್ರಾಕ್ಷಿಯ ತಳಿಗಳು. ದೇಶದ ದ್ರಾಕ್ಷಿಯ ಬಹುಪಾಲು ತಿನ್ನುವುದಕ್ಕೂ ಒಣಗಿಸುವುದಕ್ಕೂ ಹೋಗುತ್ತದೆ. ವೈನಿಗೆ ಹೋಗುವುದು ಅಲ್ಪಭಾಗ, ಅದರ ತಳಿಗಳೂ ಬೇರೆ. ಇಷ್ಟಕ್ಕೂ ಗಾಜಿನ ಬಾಗಿಲಿನ ಹಿಂದೆ ಹೆಮ್ಮೆಯಿಂದ ಮಲಗಿಸುವ ಬಾಟಲಿಯ ಮೇಲೆ ಫ್ರಾನ್ಸಿನ ಬೋರ್ಡೋ ಪ್ರಾಂತದ ಚೀಟಿ ಇರುತ್ತದೆ. ಅದರಿಂದ ಅಥಣಿಯ ರೈತನಿಗೆ ದಕ್ಕುವುದೇನು? ಅವನಿಗೆ ನೆರವಾಗಬೇಕೆಂಬ ಕಳಕಳಿ ನಿಜವಿದ್ದರೆ ಮಾರ್ಗಗಳಿವೆ: ಅಕಾಲದ ಮಳೆಗೆ ಬೆಳೆ ಕಳೆದುಕೊಂಡ ವರ್ಷ ವಿಮೆಯ ಹಣಕ್ಕಾಗಿ ಅವನ ಜೊತೆ ನಿಲ್ಲುವುದು, ಒಣದ್ರಾಕ್ಷಿ ಕೆಡದಂತಿಡುವ ಶೀತಲಗೃಹಕ್ಕೆ ಬಂಡವಾಳ ಹೂಡುವುದು. ಮುಲುಂಡಿನ ಫ್ಲ್ಯಾಟಿನೊಳಗಿನ ಶೀತಲಗೃಹದಿಂದ ತಾಸಗಾವಿನ ಒಂದು ಗೊಂಚಲೂ ಉಳಿಯುವುದಿಲ್ಲ.

ಹಾಗಾದರೆ ಸರಕಾರವೇ ಇದನ್ನು ನಿಷೇಧಿಸಬೇಕೆ? ಈ ಪ್ರಶ್ನೆಗೆ ಮುಂಬಯಿಯ ಇತಿಹಾಸದಲ್ಲಿಯೇ ಉತ್ತರವಿದೆ, ಆ ಇತಿಹಾಸದ ನಡುವೆ ಒಬ್ಬ ಜೈನ ಸುಧಾರಕನೂ ಇದ್ದಾನೆ.

ಕೃಷ್ಣಾ ತೀರದ ಕುರುಂದವಾಡದಲ್ಲಿ 1878ರಲ್ಲಿ ಹುಟ್ಟಿದ ಅಣ್ಣಾಸಾಹೇಬ ಲಠ್ಠೆ ಅವರು, 1899ರಲ್ಲಿ ಸ್ತವನಿಧಿಯಲ್ಲಿ ಸ್ಥಾಪನೆಯಾದ ದಕ್ಷಿಣ ಭಾರತ ಜೈನ ಸಭೆಯನ್ನು ಬೆಳೆಸಿದ ಮೊದಲ ತಲೆಮಾರಿನವರು. ಬೆಳಗಾವಿಯಲ್ಲಿ ವಕೀಲಿ ಮಾಡಿ, ಕೊಲ್ಲಾಪುರದ ದಿವಾನರಾಗಿ, 1937ರಲ್ಲಿ ಬಾಳಾಸಾಹೇಬ ಖೇರರ ಮಂತ್ರಿಮಂಡಲದಲ್ಲಿ ಮುಂಬಯಿ ಪ್ರಾಂತದ ಅರ್ಥಮಂತ್ರಿಯಾದರು. 1939ರ ಆಗಸ್ಟ್ 1ರಂದು ಆ ಮಂತ್ರಿಮಂಡಲ ಮುಂಬಯಿ ನಗರದಲ್ಲಿ ಪಾನನಿರೋಧ ಜಾರಿಗೊಳಿಸಿತು. ಅಬಕಾರಿಯ ಹೊಣೆ ಡಾ. ಗಿಲ್ಡರ್ ಅವರದಾಗಿತ್ತು, ಆದರೆ ಅಬಕಾರಿ ಆದಾಯ ನಿಂತರೆ ಬೊಕ್ಕಸ ತುಂಬುವುದು ಹೇಗೆಂಬ ಪ್ರಶ್ನೆಗೆ ಉತ್ತರ ಕೊಡಬೇಕಾದವರು ಲಠ್ಠೆ. ಅವರು ಕೊಟ್ಟ ಉತ್ತರ ನಗರದ ಸ್ಥಿರಾಸ್ತಿಯ ಮೇಲೆ 10 ಪ್ರತಿಶತದವರೆಗಿನ ತೆರಿಗೆ. ಕುಡಿತದಿಂದ ಬಡವನನ್ನು ಬಿಡಿಸುವ ಖರ್ಚನ್ನು ಕಟ್ಟಡಗಳ ಒಡೆಯರು ಹೊರಲಿ ಎಂಬ ಧೋರಣೆ ಅದು. ಒಡೆಯರು ಹೈಕೋರ್ಟಿನ ಮೆಟ್ಟಿಲು ಹತ್ತಿದರು, ತೆರಿಗೆ ಉಳಿಯಿತು. ಧರ್ಮದ ಮಾತಿಗೆ ಬೆಲೆಯಿದೆ, ಆ ಬೆಲೆಯನ್ನು ಉಳ್ಳವರು ತೆರಬೇಕು ಎಂಬುದನ್ನು ಒಬ್ಬ ಶ್ರಾವಕ ಮುಂಗಡಪತ್ರದಲ್ಲಿ ಬರೆದು ತೋರಿಸಿದ ಗಳಿಗೆಯದು. ಇಂದು ಅದೇ ನಗರದಲ್ಲಿ ಅದೇ ಸಮಾಜದ ಉಳ್ಳವರು ಸ್ಥಿರಾಸ್ತಿಯ ಒಂದು ಕೋಣೆಯನ್ನೇ ಮದ್ಯಕ್ಕೆ ಬಿಟ್ಟುಕೊಡುತ್ತಿದ್ದಾರೆ.

ಆದರೂ ಕತೆಯ ಉಳಿದ ಭಾಗವನ್ನು ಮುಚ್ಚಿಡಬಾರದು. ಆ ಪಾನನಿರೋಧ ಬಾಳಲಿಲ್ಲ. ನವೆಂಬರಿನಲ್ಲಿ ಮಂತ್ರಿಮಂಡಲವೇ ರಾಜೀನಾಮೆಯಿತ್ತಿತು. ಸ್ವಾತಂತ್ರ್ಯಾನಂತರ 1949ರ ಕಾಯಿದೆಯ ಮೂಲಕ ಪೂರ್ಣ ನಿಷೇಧ ಬಂದಿತು. ಅದರ ಬೆನ್ನಿಗೇ ಕಳ್ಳಭಟ್ಟಿಗಳು, ಗಲ್ಲಿಗಳ ಒಳಕೋಣೆಗಳಲ್ಲಿ 'ಆಂಟಿ'ಗಳು ನಡೆಸುವ ಅಡ್ಡೆಗಳು, ಅವುಗಳಿಂದ ಮಾಮೂಲು ವಸೂಲು ಮಾಡುವ ಪೊಲೀಸರು, ಕಳ್ಳಸಾಗಣೆಯಲ್ಲಿ ದೊಡ್ಡವರಾದ ಪಾತಕಿಗಳು ಬಂದರು. ಅರುವತ್ತರ ದಶಕದಲ್ಲಿ ಸರಕಾರ ಹಿಡಿತ ಸಡಿಲಿಸಿತು. ಕಾಯಿದೆ ಇಂದಿಗೂ ಮಹಾರಾಷ್ಟ್ರದ ಹೆಸರಿನಲ್ಲಿ ಜೀವಂತವಾಗಿದೆ: ಕೊಳ್ಳಲು, ಇಟ್ಟುಕೊಳ್ಳಲು, ಕುಡಿಯಲು ಪರ್ಮಿಟ್ ಬೇಕು, ಒಂದು ದಿನದ್ದು, ಒಂದು ವರ್ಷದ್ದು, ಆಜೀವದ್ದು ಎಂದು ಅದರಲ್ಲಿ ಬಗೆಗಳಿವೆ, ಇಟ್ಟುಕೊಳ್ಳುವ ಪ್ರಮಾಣಕ್ಕೂ ಮಿತಿಯಿದೆ. ವೈನ್ ಕೋಣೆ ಕಟ್ಟುವ ಎಷ್ಟು ಜನ ಈ ಮಿತಿಯನ್ನು ವಿಚಾರಿಸಿ ಕಟ್ಟುತ್ತಾರೆಂಬುದು ಬೇರೆ ಪ್ರಶ್ನೆ. ನಗರ ಕಲಿತ ಪಾಠವಿಷ್ಟು: ವ್ರತ ಮಾಡಬೇಕಾದ ಕೆಲಸವನ್ನು ಪೊಲೀಸ್ ಪೇದೆಗೆ ಒಪ್ಪಿಸಿದರೆ ವ್ರತವೂ ಉಳಿಯುವುದಿಲ್ಲ, ಪೇದೆಯೂ ಉಳಿಯುವುದಿಲ್ಲ.

ಈ ಪಾಠವನ್ನು ಜೈನ ಸಮಾಜದ ನಾಯಕರು ಕಲಿತಂತೆ ತೋರುವುದಿಲ್ಲ. 2015ರ ಸೆಪ್ಟೆಂಬರಿನಲ್ಲಿ ಪರ್ಯೂಷಣದ ನಿಮಿತ್ತ ಮೀರಾ ಭಾಯಂದರ್ ಪಾಲಿಕೆ ಎಂಟು ದಿನ, ಬೃಹನ್ಮುಂಬಯಿ ಪಾಲಿಕೆ ನಾಲ್ಕು ದಿನ ಮಾಂಸ ನಿಷೇಧದ ತೀರ್ಮಾನ ಮಾಡಿದವು. ಶಿವಸೇನೆ, ನವನಿರ್ಮಾಣ ಸೇನೆಗಳು ಬೀದಿಗಿಳಿದವು. ಮುಂಬಯಿಯಲ್ಲಿ ಮಾರಾಟದ ನಿಷೇಧಕ್ಕೆ ಹೈಕೋರ್ಟ್ ತಡೆ ಕೊಟ್ಟಿತು. ಕ್ಷಮೆಯ ಪರ್ವ ಕಲಹದ ಪರ್ವವಾಯಿತು. ಅದೇ ವರ್ಷದ ಜೂನ್ ತಿಂಗಳಲ್ಲಿ ಮಲಾಡಿನ ಮಾಲವಣಿಯಲ್ಲಿ ಕಳ್ಳಭಟ್ಟಿ ಕುಡಿದು ನೂರಕ್ಕೂ ಹೆಚ್ಚು ಬಡವರು ಸತ್ತಿದ್ದರು. ಅಹಿಂಸೆಯನ್ನು ನಗರದ ನೀತಿಯಾಗಿಸಬೇಕೆನ್ನುವವರಿಗೆ ಆ ವರ್ಷ ಯಾವ ವಿಷಯ ಮೊದಲಾಗಬೇಕಿತ್ತು? ನೆರೆಯವನ ಮಾಂಸದಂಗಡಿಯೋ, ವಿಧವೆಯರಾದ ಮಾಲವಣಿಯ ಹೆಂಗಸರೋ?

ಮನೆ ಕೊಳ್ಳಲು ಬಂದವನಿಗೆ 'ಅಡುಗೆಮನೆಯಲ್ಲಿ ಏನು ಬೇಯಿಸುತ್ತೀರಿ' ಎಂದು ಕೇಳಿ ಬಾಗಿಲು ಮುಚ್ಚುವ ಹೌಸಿಂಗ್ ಸೊಸೈಟಿಗಳು ಉಪನಗರಗಳಲ್ಲಿ ಇವೆ. ಮೀನು ತಿನ್ನುವ ಕೊಂಕಣಿಗನಿಗೂ ಮರಾಠಿಗನಿಗೂ ಇಲ್ಲದ ಜಾಗ ಅದೇ ಕಟ್ಟಡದ ಲಿಫ್ಟಿನಲ್ಲಿ ಮೇಲೇರುವ ಬಾಟಲಿಯ ಪೆಟ್ಟಿಗೆಗೆ ಇದೆಯೆಂದಾದರೆ, ಅಲ್ಲಿ ಕಾಯಲಾಗುತ್ತಿರುವುದು ಅಹಿಂಸೆಯಲ್ಲ, ಅಂತಸ್ತು. ವಸಯಿ, ಗೊರಾಯಿಗಳ ಈಸ್ಟ್ ಇಂಡಿಯನ್ ಕ್ರೈಸ್ತರು ಮದುವೆಗೂ ಕ್ರಿಸ್ಮಸ್ಸಿಗೂ ಮನೆಯಲ್ಲಿ ವೈನ್ ಮಾಡುವುದು ಅವರ ಪದ್ಧತಿ. ಅವರ ಧರ್ಮದಲ್ಲಿ ಅದಕ್ಕೆ ಸ್ಥಾನವಿದೆ, ಅವರ ಮೇಲೆ ಬೆರಳೆತ್ತಲು ಯಾರಿಗೂ ಕಾರಣವಿಲ್ಲ. ಅವರು ತಮ್ಮ ಮನೆಯಲ್ಲಿ ತಮ್ಮ ಧರ್ಮದೊಡನೆ ಸುಳ್ಳಾಡುತ್ತಿಲ್ಲ. ಪ್ರಶ್ನೆ ಇರುವುದು ಮದ್ಯತ್ಯಾಗವನ್ನು ತನ್ನ ಮೊದಲ ಗುರುತೆಂದು ಜಗತ್ತಿಗೆ ಹೇಳಿಕೊಂಡು, ಅದರ ಬಲದಿಂದ ನೆರೆಹೊರೆಗೆ ನಿಯಮ ವಿಧಿಸಲು ಹೊರಟ ಸಮಾಜದ ಮುಂದೆ.

ಸಮಾಜದ ಒಳಗೂ ಮೌನಕ್ಕೆ ಕಾರಣವಿದೆ. ಪಂಚಕಲ್ಯಾಣದ ಮಂಟಪದಲ್ಲಿ ಮೊದಲ ಕಲಶಕ್ಕೆ ಬೋಲಿ ಕೂಗುವಾಗ ಮೊತ್ತವನ್ನು ಕೇಳುತ್ತಾರೆಯೇ ಹೊರತು ಮೂಲಗುಣವನ್ನು ಯಾರೂ ಕೇಳುವುದಿಲ್ಲ. ಅತಿ ಹೆಚ್ಚು ಕೂಗಿದವನಿಗೆ ಇಂದ್ರನ ಕಿರೀಟ. ಅವನ ಮನೆಯ ಗಾಜಿನ ಬಾಗಿಲನ್ನು ಕಂಡುಬಂದ ಪದಾಧಿಕಾರಿಗಳೇ ವೇದಿಕೆಯ ಮೇಲೆ ಅವನ ಧರ್ಮಶ್ರದ್ಧೆಯನ್ನು ಹೊಗಳುತ್ತಾರೆ. ಬಡ ಶ್ರಾವಕನೊಬ್ಬ ಬಾರಿನ ಮೆಟ್ಟಿಲಿಳಿಯುತ್ತ ಕಣ್ಣಿಗೆ ಬಿದ್ದರೆ ಅವನ ಮಗಳ ಸಂಬಂಧ ಮುರಿಯುತ್ತದೆ. ಕೋಟ್ಯಧಿಪತಿಯ ವೈನ್ ಕೋಣೆಯನ್ನು ಕಂಡ ಮೇಲೂ ಅವನ ಮಗಳ ಸಂಬಂಧಕ್ಕೆ ಸಾಲು ನಿಲ್ಲುತ್ತದೆ. ಒಂದೇ ಅಪರಾಧಕ್ಕೆ ಎರಡು ತಕ್ಕಡಿ.

ಇದನ್ನು ಬಹಿರಂಗವಾಗಿ ಮಾತನಾಡಬಾರದು, ಉಪಗೂಹನವೂ ಸಮ್ಯಕ್ತ್ವದ ಒಂದು ಅಂಗವಲ್ಲವೆ, ಸಾಧರ್ಮಿಕನ ದೋಷವನ್ನು ಮುಚ್ಚಬೇಕಲ್ಲವೆ ಎಂದು ಕೆಲವು ಹಿರಿಯರು ಹೇಳುತ್ತಾರೆ. ಉಪಗೂಹನವಿರುವುದು ಜಾರಿದವನಿಗೆ, ಜಾರಿದ್ದಕ್ಕೆ ನೊಂದವನಿಗೆ. ಜಾರಿದ್ದನ್ನೇ ದೀಪ ಹಚ್ಚಿ ತೋರಿಸುವವನ ದೋಷವನ್ನು ಮುಚ್ಚಲು ಅಲ್ಲಿ ಉಳಿದಿರುವುದೇನು? ಅದರ ಪಕ್ಕದಲ್ಲಿಯೇ ಸ್ಥಿತಿಕರಣವೆಂಬ ಇನ್ನೊಂದು ಅಂಗವಿದೆ. ಹಾದಿ ತಪ್ಪುತ್ತಿದ್ದ ಗೆಳೆಯನನ್ನು ವಾರಿಷೇಣ ಮುನಿ ಬೈದು ಓಡಿಸಲಿಲ್ಲ, ತಾನು ಬಿಟ್ಟುಬಂದ ಅರಮನೆಯನ್ನೇ ತೋರಿಸಿ ಮತ್ತೆ ನೆಲೆಗೆ ನಿಲ್ಲಿಸಿದ. ಕುಡಿತ ಚಟವಾಗಿ, ರೋಗವಾಗಿ ಹಿಡಿದವರು ಸಮಾಜದ ಎಷ್ಟೋ ಮನೆಗಳಲ್ಲಿದ್ದಾರೆ. ಹೆಂಡತಿಯರು ಅದನ್ನು ಜಠರದ ಹುಣ್ಣೆಂದೂ ರಕ್ತದೊತ್ತಡವೆಂದೂ ಹೆಸರಿಟ್ಟು ಬಚ್ಚಿಡುತ್ತಿದ್ದಾರೆ. ಅವರಿಗೆ ಬೇಕಾದುದು ಬಹಿಷ್ಕಾರವಲ್ಲ, ವೈದ್ಯರು, ಚಿಕಿತ್ಸೆ, ಬಾಗಿಲು ತಟ್ಟಿ ಒಳಗೆ ಬಂದು ಕುಳಿತುಕೊಳ್ಳುವ ಒಬ್ಬ ಸಾಧರ್ಮಿಕ. ವೈನ್ ಕೋಣೆಯ ವೈಭವ ಈ ಮನೆಗಳ ಮೇಲೆ ಮಾಡುವ ಗಾಯವೇ ಅತಿ ಕ್ರೂರವಾದುದು: ಬಿಡಲು ಹೆಣಗುತ್ತಿರುವವನ ಎದುರು ಅದು ಕುಡಿತವನ್ನು ಗೌರವದ ಪೀಠದ ಮೇಲೆ ಕೂರಿಸುತ್ತದೆ.

ಆಗಬೇಕಾದ ಕೆಲಸಕ್ಕೆ ಕಾಯಿದೆಯ ಅಗತ್ಯವಿಲ್ಲ. ಬಸದಿಯ ಸಮಿತಿಗಳು ಇಂದ್ರ ಇಂದ್ರಾಣಿಯರನ್ನು ಆರಿಸುವಾಗ ಬೋಲಿಯ ಮೊತ್ತಕ್ಕೆ ಮೊದಲು ಎಂಟು ಮೂಲಗುಣಗಳ ಪ್ರತಿಜ್ಞೆಯನ್ನು ಸಭೆಯ ಎದುರು ಕೇಳಲಿ. ಕೋಟ್ಯಧಿಪತಿಗೂ ಗುಮಾಸ್ತನಿಗೂ ಅದೇ ಪ್ರಶ್ನೆ. ದಶಲಕ್ಷಣ ಪರ್ವದ ಹತ್ತು ದಿನಗಳ ಪ್ರವಚನದಲ್ಲಿ ಒಂದು ದಿನ ಮದ್ಯದ ಬಗ್ಗೆ ಮಾತನಾಡಲು ವೈದ್ಯರನ್ನೂ, ಬಿಟ್ಟು ಗೆದ್ದವರನ್ನೂ ಕರೆಯಲಿ. ಸೊಸೈಟಿಯ ಗೇಟಿನಲ್ಲಿ ಪರರ ಅಡುಗೆಮನೆಯನ್ನು ಶೋಧಿಸುವ ಕೆಲಸವನ್ನು ಬಿಡಲಿ. ಮನೆಯ ನಕ್ಷೆಯನ್ನು ಅಂತಿಮಗೊಳಿಸುವ ದಿನ ಗಂಡಸರ ಜೊತೆ ಹೆಂಗಸರೂ ಕುಳಿತು, ಹಿಟ್ಟಿನ ದಿನಗಳನ್ನು ಎಣಿಸುವ ಅದೇ ಅಧಿಕಾರದಿಂದ, ಆ ಚೌಕವನ್ನು ಅಳಿಸಲಿ. ದುಬೈ, ಪುಣೆ, ನ್ಯೂಜೆರ್ಸಿಗಳಲ್ಲಿ ನೆಲೆಸಿದ ಕನ್ನಡ ಜೈನ ಕುಟುಂಬಗಳಿಗೆ ಈ ಮಾತು ಇನ್ನೂ ಹೆಚ್ಚು ಸಲ್ಲುತ್ತದೆ. ಅಲ್ಲಿ ಬಸದಿಯೂ ದೂರ, ಅಜ್ಜಿಯೂ ದೂರ. ಮಗುವಿಗೆ ಧರ್ಮವೆಂದರೆ ಮನೆಯಲ್ಲಿ ಏನಿದೆ, ಏನಿಲ್ಲ ಎಂಬುದಷ್ಟೆ.

ಬೆಳಗಾವಿ, ವಿಜಯಪುರಗಳ ಕಡೆಯ ಹಳೆಯ ಮನೆಗಳಲ್ಲಿಯೂ ನೆಲದಡಿಯ ಕೋಣೆಗಳಿದ್ದವು. ಅವನ್ನು ಹಗೇವು ಎನ್ನುತ್ತಿದ್ದರು. ಸುಗ್ಗಿಯ ಜೋಳವನ್ನು ಅದರೊಳಗೆ ತುಂಬಿ, ಹುಲ್ಲು ಹೊದಿಸಿ, ಮಣ್ಣಿನಿಂದ ಬಾಯಿ ಮುಚ್ಚುತ್ತಿದ್ದರು. ಮಳೆ ಕೈಕೊಟ್ಟ ವರ್ಷ ಹಗೇವು ತೆಗೆದರೆ ಆ ಮನೆಯ ಮಕ್ಕಳ ಜೊತೆ ಓಣಿಯ ಮಕ್ಕಳೂ ಉಣ್ಣುತ್ತಿದ್ದರು. ಮೂಡುಬಿದಿರೆಯ ಸಿದ್ಧಾಂತ ಬಸದಿಯ ಒಳಗೋಡೆಗಳ ನಡುವೆ ಧವಲಾ ಗ್ರಂಥಗಳ ತಾಳೆಗರಿಗಳು ಶತಮಾನಗಳ ಕಾಲ ಬಿಸಿಲು ತೇವ ತಾಗದಂತೆ ಉಳಿದು ಬಂದವು. ತಂಪಿನಲ್ಲಿ, ಕತ್ತಲಲ್ಲಿ, ಮುಂದಿನ ತಲೆಮಾರಿಗೆಂದು ಜೋಪಾನ ಮಾಡುವ ವಿದ್ಯೆ ಈ ಸಮಾಜಕ್ಕೆ ಹೊಸದಲ್ಲ. ಯಾವುದನ್ನು ಜೋಪಾನ ಮಾಡಬೇಕೆಂಬ ವಿವೇಕ ಅದರ ಜೊತೆಗಿತ್ತು. ಹದಿನಾಲ್ಕನೆಯ ಮಹಡಿಯ ಆ ಕೋಣೆಯ ಯಂತ್ರವನ್ನು ನಿಲ್ಲಿಸಲು ಒಂದು ಗುಂಡಿ ಒತ್ತಿದರೆ ಸಾಕು. ಬಾಟಲಿಗಳು ಖಾಲಿಯಾದ ಮೇಲೆ ಅಲ್ಲಿ ಮಕ್ಕಳು ಓದಲು ಒಂದು ಮೇಜು ಹಿಡಿಯುತ್ತದೆ, ಗೋಡೆಯಲ್ಲಿ ಜಿನಬಿಂಬಕ್ಕೆ ಒಂದು ಗೂಡೂ ಹಿಡಿಯುತ್ತದೆ.